ಹೆಸರಿಲ್ಲದ ವಸ್ತು, ಹೇಳದ ಮಾತು

ಗಂಡ ಹೆಂಡಿರು ತಮ್ಮ ಏಕಾಂತದಲ್ಲಿ ಬಳಸುವ, ಮೈಗೆ ಧರಿಸುವ ಪುಟ್ಟ ಸಾಧನಗಳ ಬಗ್ಗೆ ಈ ಬರಹ. ಇಂಗ್ಲಿಷಿನಲ್ಲಿ ಇವಕ್ಕೆ ಸೆಕ್ಸ್ ಟಾಯ್ ಎನ್ನುತ್ತಾರೆ. ನಮ್ಮಲ್ಲಿ ಹೆಸರಿಲ್ಲ. ಕನ್ನಡದ ‘ಆಟಿಕೆ’, ಮಲೆಯಾಳದ ‘ಕಳಿಪ್ಪಾಟ್ಟಂ’ ಎರಡೂ ಮಕ್ಕಳ ಪಾಲಿಗೆ ಹೋದ ಮಾತುಗಳು. ಹೆಸರಿಲ್ಲದಿದ್ದರೂ ವಸ್ತುವಿಗೆ ಬರವಿಲ್ಲ. ಮೊಬೈಲಿನಲ್ಲಿ ಬೆರಳಾಡಿಸಿದರೆ ಸಾಕು, ಮಂಜೇಶ್ವರದಲ್ಲಿರಲಿ, ಬದಿಯಡ್ಕದಲ್ಲಿರಲಿ, ಹೊಸದುರ್ಗದಲ್ಲಿರಲಿ, ಕಂದು ಬಣ್ಣದ ರಟ್ಟಿನ ಪೆಟ್ಟಿಗೆಯೊಳಗೆ ‘ಮಸಾಜರ್’ ಎಂಬ ಹೆಸರು ಹೊತ್ತು ಅದು ಮನೆಬಾಗಿಲಿಗೆ ಬರುತ್ತದೆ.

ಮನೆಮಂದಿಯೆಲ್ಲ ಓದುವ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇ ಎಂದು ಪುಟ ಮಗುಚಲು ಹೊರಟವರು ಒಂದು ಗಳಿಗೆ ತಡೆಯಬೇಕೆಂದು ಕೋರುತ್ತೇನೆ. ಈ ಸಾಧನವನ್ನು ಎಲ್ಲರೂ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಬೇಡವಾದವರಿಗೆ ಬೇಡ. ನನ್ನ ತಕರಾರು ಇಷ್ಟೇ: ಅದು ಮನೆಗೆ ಬರಬೇಕೇ, ಬಂದರೆ ಯಾವುದು ಬರಬೇಕು, ಎಷ್ಟು ಹೊತ್ತು ಮೈಮೇಲಿರಬೇಕು ಎಂಬುದನ್ನು ಧರಿಸುವವರೇ ತೀರ್ಮಾನಿಸಬೇಕು. ಆ ತೀರ್ಮಾನ ಬಾಯಿಬಿಟ್ಟು ಆಡಿದ ಮಾತಿನಲ್ಲಿ ಆಗಬೇಕು. ಮಾತೇ ಇಲ್ಲದ ಮನೆಯಲ್ಲಿ ಆ ಅಧಿಕಾರ ತನ್ನಿಂದ ತಾನೇ ಮೊಬೈಲು ಹಿಡಿದವನ ಕೈಗೆ ಹೋಗುತ್ತದೆ, ಅವನ ಕೈಯಿಂದ ಜಾಹೀರಾತು ಬರೆದವನ ಕೈಗೆ ಹೋಗುತ್ತದೆ. ಮರ್ಯಾದೆಯ ಹೆಸರಿನಲ್ಲಿ ನಾವು ಕಾಪಾಡಿಕೊಂಡು ಬಂದ ಮೌನ ಯಾರ ಮರ್ಯಾದೆಯನ್ನೂ ಕಾಪಾಡುತ್ತಿಲ್ಲ.

ಮೊದಲ ಆಕ್ಷೇಪ ಯಾವುದೆಂದು ಎಲ್ಲರಿಗೂ ಗೊತ್ತು: ‘ಇದು ನಮ್ಮ ಸಂಸ್ಕೃತಿಯಲ್ಲ, ಪಶ್ಚಿಮದ ಪಿಡುಗು.’ ಹೀಗೆನ್ನುವವರು ತಮ್ಮ ಸಂಸ್ಕೃತಿಯ ಕಪಾಟನ್ನು ಒಮ್ಮೆ ತೆರೆದು ನೋಡಿದರೆ ಒಳ್ಳೆಯದು. ವಾತ್ಸ್ಯಾಯನನ ಕಾಮಸೂತ್ರದ ಏಳನೆಯ ಅಧಿಕರಣದಲ್ಲಿ ‘ಅಪದ್ರವ್ಯ’ ಎಂಬ ಹೆಸರಿನಲ್ಲಿ ಇಂಥ ಧರಿಸುವ ಸಾಧನಗಳ ವಿವರವೇ ಇದೆ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ದಂತ, ಕೊಂಬು, ಹೀಗೆ ಯಾವುದರಿಂದ ಮಾಡಬಹುದೆಂಬ ಪಟ್ಟಿಯೂ ಇದೆ. ಕನ್ನಡದಲ್ಲಿ 11ನೇ ಶತಮಾನದ ಚಂದ್ರರಾಜ ‘ಮದನತಿಲಕ’ ಬರೆದ. ‘ಯಶೋಧರ ಚರಿತೆ’ ಬರೆದ ಜನ್ನನೇ 13ನೇ ಶತಮಾನದಲ್ಲಿ ‘ಅನುಭವಮುಕುರ’ವನ್ನೂ ಬರೆದ. 15ನೇ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನು ರಚಿಸಿದ. ಇವು ಮೂರೂ ಕಾಮಶಾಸ್ತ್ರದ ಗ್ರಂಥಗಳು. ಇನ್ನೂ ಹತ್ತಿರಕ್ಕೆ ಬಂದರೆ, ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯನ್ನು ಗೃಹಸ್ಥರಿಗೆ ಅರ್ಥವಾಗುವ ಸರಳ ಕನ್ನಡದಲ್ಲಿ ಬರೆದುಕೊಟ್ಟರು. ಕನ್ನಡಕ್ಕೆ ಈ ವಿಷಯದಲ್ಲಿ ನಾಚಿಕೆ ಇರಲಿಲ್ಲ. ನಾಚಿಕೆ ನಮ್ಮದು.

ಆದರೆ ಹಳೆಯ ಗ್ರಂಥದ ಹೆಸರು ಹೇಳಿ ಗೆದ್ದೆವೆಂದು ಬೀಗುವಂತೆಯೂ ಇಲ್ಲ. ಆ ಗ್ರಂಥಗಳನ್ನು ಬರೆದವರು ಗಂಡಸರು. ಹೆಣ್ಣನ್ನು ವಶಮಾಡಿಕೊಳ್ಳುವುದು ಹೇಗೆಂಬ ಲೆಕ್ಕಾಚಾರ ಅವುಗಳಲ್ಲಿ ಧಾರಾಳವಾಗಿದೆ. ಕಲ್ಲರಸನ ಗ್ರಂಥದ ಹೆಸರೇ ಅದನ್ನು ಸಾರುತ್ತದೆ. ಪುರಾತನವಾದದ್ದೆಲ್ಲ ನ್ಯಾಯವಾದದ್ದೆಂದು ಒಪ್ಪಬೇಕಾಗಿಲ್ಲ. ಸಂಸ್ಕೃತಿಯ ಹೆಸರಿನಲ್ಲಿ ಬಾಯಿಮುಚ್ಚಿಸುವವರಿಗೆ ಉತ್ತರವಾಗಿ ಮಾತ್ರ ಈ ಹೆಸರುಗಳು ಸಾಕು. ಯಾವುದನ್ನು ಬಳಸಬೇಕು ಎಂಬ ಪ್ರಶ್ನೆಗೆ ಉತ್ತರ ತಾಳೆಗರಿಯಲ್ಲಿ ಸಿಗುವುದಿಲ್ಲ, ಪಕ್ಕದಲ್ಲಿ ಮಲಗಿದವರನ್ನು ಕೇಳಬೇಕು.

ಎರಡನೆಯ ಆಕ್ಷೇಪ ಕಾನೂನಿನದು. ಇವು ನಿಷೇಧಿತ ವಸ್ತುಗಳೆಂದು ಹಲವರು ನಂಬಿದ್ದಾರೆ. ಅಶ್ಲೀಲ ವಸ್ತುಗಳ ಮಾರಾಟ, ಹಂಚಿಕೆ, ಬಹಿರಂಗ ಪ್ರದರ್ಶನಗಳನ್ನು ಶಿಕ್ಷಿಸುತ್ತಿದ್ದುದು ಭಾರತೀಯ ದಂಡ ಸಂಹಿತೆಯ 292ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಬಂದಿದೆ. ಅದರ ಕಣ್ಣು ಮಾರಾಟ ಮತ್ತು ಪ್ರದರ್ಶನದ ಮೇಲೆ; ದಂಪತಿಗಳು ತಮ್ಮ ಕಪಾಟಿನಲ್ಲಿ ಸ್ವಂತಕ್ಕೆ ಇಟ್ಟುಕೊಂಡದ್ದರ ಮೇಲೆ ಅಲ್ಲ. ಆಮದಿನ ವಿಷಯದಲ್ಲಿ 1964ರ ಸುಂಕದ ಅಧಿಸೂಚನೆಯೊಂದು ಅಶ್ಲೀಲ ವಸ್ತುಗಳನ್ನು ತಡೆಯುತ್ತದೆ. ಅದೇ ಅಧಿಸೂಚನೆಯನ್ನು ಹಿಡಿದು ಸುಂಕದ ಅಧಿಕಾರಿಗಳು ಬಾಡಿ ಮಸಾಜರ್‌ಗಳನ್ನು ತಡೆದಾಗ, ಮುಂಬಯಿ ಹೈಕೋರ್ಟು 2024ರ ಮಾರ್ಚಿನಲ್ಲಿ ಆ ಕ್ರಮವನ್ನು ಒಪ್ಪಲಿಲ್ಲ. ಮಸಾಜರನ್ನು ಬೇರೆ ಉದ್ದೇಶಕ್ಕೂ ಬಳಸಬಹುದೆಂಬುದು ಅಧಿಕಾರಿಯ ಕಲ್ಪನೆ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ.

ಈ ತೀರ್ಪನ್ನು ಓದಿ ಸಂತೋಷಪಟ್ಟವರು ಇನ್ನೊಮ್ಮೆ ಓದಬೇಕು. ದಂಪತಿಗಳಿಗೆ ಇಂಥ ಸಾಧನದ ಹಕ್ಕಿದೆ ಎಂದು ಅಲ್ಲಿ ಯಾರೂ ವಾದಿಸಲಿಲ್ಲ. ಇದು ಮೈನೋವಿನ ಸಾಧನ ಎಂದು ವಾದಿಸಲಾಯಿತು, ವಾದ ಗೆದ್ದಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಪೇಟೆಯೂ ಅದೇ ಹೆಸರಿನಲ್ಲಿ ನಡೆದಿದೆ. ಇದರ ನಷ್ಟ ಯಾರಿಗೆ? ಕೊಳ್ಳುವವರಿಗೆ. ಬೆನ್ನಿಗೆ ಒತ್ತುವ ಸಾಧನವೆಂದು ಮಾರಿದ ವಸ್ತುವಿನ ಮೇಲೆ, ದೇಹದ ಒಳಗೆ ಇಡಲು ಇದು ಸುರಕ್ಷಿತವೇ ಎಂಬ ವಿವರ ಏಕೆ ಇರಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷವಿರುವ ಸರಕಿನ ವಿರುದ್ಧ ದೂರು ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಒಂದು ಮಿಕ್ಸಿ ಕೆಟ್ಟರೆ ನಾವು ಅಂಗಡಿಯವನ ಕಾಲರ್ ಹಿಡಿಯುತ್ತೇವೆ. ಇದು ಕೆಟ್ಟು ಮೈ ಸುಟ್ಟರೂ ಬಾಯಿ ಬಿಡುವುದಿಲ್ಲ. ಸುಳ್ಳು ಹೆಸರಿನ ವಸ್ತುವಿಗೆ ನಿಜವಾದ ದೂರು ಕೊಡುವುದು ಹೇಗೆ?

ಹಾಗಾದರೆ ಈ ವಸ್ತುವಾದರೂ ಏನು? ಗುಟ್ಟಿಲ್ಲದೆ ಹೇಳುತ್ತೇನೆ. ದಂಪತಿಗಳಿಗೆಂದು ಮಾರುವ ಧರಿಸುವ ಸಾಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ, ಹೆಂಗಸು ಧರಿಸುವ ಕಂಪನ ಸಾಧನ. ಒಂದು ತುದಿ ಒಳಗೆ, ಇನ್ನೊಂದು ಹೊರಗೆ ಇದ್ದು, ಮಿಲನದ ಹೊತ್ತಿನಲ್ಲೂ ಅದು ಮೈಮೇಲೆಯೇ ಇರುತ್ತದೆ. ಕೆನಡಾದ ‘ವಿ-ವೈಬ್’ ಎಂಬ ಇಂಥ ಸಾಧನ 2008ರಲ್ಲಿ ಪೇಟೆಗೆ ಬಂದು ಹೆಸರಾಯಿತು. ಎರಡನೆಯದು ಗಂಡಸು ಧರಿಸುವ ಬಳೆ. ಅದರಲ್ಲಿ ಕೆಲವಕ್ಕೆ ಪುಟ್ಟ ಮೋಟಾರು ಇರುತ್ತದೆ.

ಮೊದಲನೆಯದರ ಅಗತ್ಯವೇನೆಂದು ಕೇಳುವವರಿಗೆ ಶರೀರಶಾಸ್ತ್ರವೇ ಉತ್ತರ ಕೊಡುತ್ತದೆ. ಹೆಣ್ಣಿನ ಸುಖದ ಮುಖ್ಯ ಅಂಗ ಭಗಾಂಕುರ. ಹೊರಗೆ ಕಾಣುವುದು ಅದರ ತುದಿ ಮಾತ್ರ, ಬಹುಭಾಗ ಒಳಗೆ ಹರಡಿಕೊಂಡಿದೆ ಎಂಬುದನ್ನು ಆಸ್ಟ್ರೇಲಿಯದ ಶಸ್ತ್ರವೈದ್ಯೆ ಹೆಲೆನ್ ಓಕಾನೆಲ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ವಿವರವಾಗಿ ತೋರಿಸಿತು. ಮಿಲನ ಮಾತ್ರದಿಂದ ತೃಪ್ತಿ ಸಿಗದ ಹೆಂಗಸರು ಬಹಳಷ್ಟು ಮಂದಿ. ಅದು ಅವರ ದೋಷವಲ್ಲ, ದೇಹದ ರಚನೆ. ಎಷ್ಟೋ ಮನೆಗಳಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಗಂಡನಿಗೆ ಇದು ತಿಳಿದಿರುವುದಿಲ್ಲ, ಹೆಂಡತಿ ಹೇಳಿರುವುದಿಲ್ಲ. ಹೇಳಿದರೆ ಎಲ್ಲಿಂದ ಕಲಿತೆ ಎಂಬ ಪ್ರಶ್ನೆ ಬರುತ್ತದೆಂಬ ಭಯ ಅವಳಿಗೆ.

ಇಲ್ಲಿ ಎರಡು ಕಡೆಯವರೊಡನೆ ನನಗೆ ಜಗಳವಿದೆ. ಒಬ್ಬರು, ಯಂತ್ರ ಬಂದರೆ ತಮ್ಮ ಗಂಡಸುತನಕ್ಕೆ ಕುಂದೆಂದು ಮುನಿಯುವ ಗಂಡಂದಿರು. ಕಣ್ಣಿಗೆ ಕನ್ನಡಕ ಹಾಕಿದರೆ ಕಣ್ಣಿಗೆ ಅವಮಾನವಾಗುತ್ತದೆಯೇ? ಹೆಂಡತಿಯ ಸುಖ ತನ್ನ ಪೌರುಷದ ಪರೀಕ್ಷೆ ಎಂದು ತಿಳಿದವನಿಗೆ ಅವಳ ಸುಖ ಬೇಕಾಗಿಲ್ಲ, ಪಾಸಾದ ಸರ್ಟಿಫಿಕೇಟು ಬೇಕಾಗಿದೆ. ಇನ್ನೊಬ್ಬರು ಈ ಸರಕಿನ ವ್ಯಾಪಾರಿಗಳು. ಬೇಸರ ಹಿಡಿದ ದಾಂಪತ್ಯವನ್ನು ಬ್ಯಾಟರಿ ರಿಪೇರಿ ಮಾಡುತ್ತದೆಂದು ಅವರು ನಂಬಿಸುತ್ತಾರೆ. ಹಗಲಿಡೀ ಮುಖ ಕೊಟ್ಟು ಮಾತಾಡದ ಗಂಡ, ದುಡಿದು ಬಂದು ಅಡಿಗೆ ಮಾಡಿ ಪಾತ್ರೆ ತೊಳೆದು ಹನ್ನೊಂದು ಗಂಟೆಗೆ ಹಾಸಿಗೆಗೆ ಬಿದ್ದ ಹೆಂಡತಿ, ಇವರಿಬ್ಬರ ನಡುವೆ ಇರುವ ಬಿರುಕನ್ನು ಯಾವ ಮೋಟಾರು ಮುಚ್ಚೀತು? ಪಾತ್ರೆ ತೊಳೆಯಲು ಕೈಜೋಡಿಸಿದರೆ ಅದರ ಪರಿಣಾಮ ಹೆಚ್ಚು. ಬೇಕಿದ್ದರೆ ಪರೀಕ್ಷಿಸಿ ನೋಡಿ.

ಈ ಇಬ್ಬರನ್ನೂ ಪಕ್ಕಕ್ಕಿಟ್ಟು, ಮಾತಾಡಿಕೊಂಡು ತೀರ್ಮಾನಿಸಿದ ದಂಪತಿಗಳು ಏನು ನೋಡಿ ಕೊಳ್ಳಬೇಕು? ಮಡಕೆ ಕೊಳ್ಳುವಾಗ ತಟ್ಟಿ ನೋಡುವ ನಾವು ಇದನ್ನು ಕಣ್ಣುಮುಚ್ಚಿ ಕೊಳ್ಳಬಾರದು. ಮೊದಲನೆಯದು ಯಾವುದರಿಂದ ಮಾಡಿದ್ದು ಎಂಬುದು. ಅಪ್ಪಟ ಸಿಲಿಕೋನ್ ಆದರೆ ಒಳ್ಳೆಯದು. ಅದಕ್ಕೆ ರಂಧ್ರಗಳಿಲ್ಲ, ತೊಳೆದರೆ ಶುದ್ಧವಾಗುತ್ತದೆ. ಅಗ್ಗದ ಜೆಲ್ಲಿ, ಮೆದು ಪಿವಿಸಿಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ರೋಗಾಣುಗಳು ಉಳಿಯುತ್ತವೆ. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಹಾಕುವ ಥ್ಯಾಲೇಟ್ ರಾಸಾಯನಿಕಗಳೂ ಇರಬಹುದು. ಪೆಟ್ಟಿಗೆ ತೆರೆದಾಗ ಹೊಸ ರೈನ್‌ಕೋಟಿನ ಹಾಗೆ ಘಾಟು ಹೊಡೆದರೆ ಅದನ್ನು ಬಳಸಬೇಡಿ. ಇಂಥ ಸಾಧನಗಳ ವಿನ್ಯಾಸ ಮತ್ತು ಸುರಕ್ಷತೆಗಾಗಿ ಐಎಸ್‌ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ 2021ರಲ್ಲಿ ಬಂದಿದೆ. ಅದನ್ನು ಪಾಲಿಸಿದ್ದೀರಾ ಎಂದು ಮಾರುವವರನ್ನು ಕೇಳುವುದು ನಮ್ಮ ಹಕ್ಕು.

ಎರಡನೆಯದು ನಿಲ್ಲಿಸುವ ಗುಂಡಿ. ಅದು ಸಾಧನದ ಮೇಲೆಯೇ ಇರಬೇಕು, ಧರಿಸಿದವರ ಕೈಗೆ ಎಟಕಬೇಕು. ರಿಮೋಟಿನಲ್ಲಿ ಅಥವಾ ಮೊಬೈಲಿನಲ್ಲಿ ಮಾತ್ರ ನಿಲ್ಲುವ ಸಾಧನವನ್ನು ಕೊಳ್ಳಲೇಬಾರದು. ಮೂರನೆಯದು ಅಳತೆ. ಮೊದಲ ಸಲಕ್ಕೆ ಸಣ್ಣದು, ಮೆದುವಾದದ್ದು, ಸುಲಭವಾಗಿ ಬಾಗುವಂಥದು ಸಾಕು. ಬಳೆಯಾದರೆ ಎಳೆದರೆ ಹಿಗ್ಗುವಂಥದೇ ಆಗಬೇಕು. ಲೋಹದ ಬಳೆ ಸಿಕ್ಕಿಹಾಕಿಕೊಂಡರೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾದೀತು. ನಾಲ್ಕನೆಯದು ಸದ್ದು. ಒಂದೇ ಗೋಡೆಯ ಆಚೆ ಅತ್ತೆ ಮಾವ ಮಲಗುವ, ಮಕ್ಕಳು ಓದುವ ನಮ್ಮ ಮನೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಸದ್ದಿನ ಭಯದಲ್ಲಿ ಸುಖವೆಲ್ಲಿ? ಐದನೆಯದು ನೀರು. ‘ಐಪಿಎಕ್ಸ್7’ ಎಂಬ ಗುರುತಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಸಾಧನವೆಂದು ಅರ್ಥ, ತೊಳೆಯಲು ಹೆದರಬೇಕಾಗಿಲ್ಲ.

ಬಳಸುವ ಕ್ರಮದಲ್ಲೂ ತಿಳಿದಿರಬೇಕಾದದ್ದಿದೆ. ಬಳಸುವ ಮೊದಲೂ ಅನಂತರವೂ ಸೌಮ್ಯ ಸಾಬೂನಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ ಬಟ್ಟೆಯ ಚೀಲದಲ್ಲಿಡಬೇಕು. ಮೋಟಾರಿರುವುದನ್ನು ಕುದಿಸಬಾರದು. ಜಾರುವಿಕೆಗೆ ನೀರಿನ ಆಧಾರದ ಜೆಲ್ ಸೂಕ್ತ. ಸಿಲಿಕೋನ್ ಜೆಲ್ಲು ಸಿಲಿಕೋನ್ ಸಾಧನವನ್ನೇ ಕೆಡಿಸಬಹುದು. ನಮ್ಮೂರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು. ಆದರೆ ಎಣ್ಣೆ ತಾಗಿದರೆ ಲ್ಯಾಟೆಕ್ಸ್ ನಿರೋಧ್ ದುರ್ಬಲವಾಗಿ ಹರಿಯುತ್ತದೆ ಎಂಬುದು ನೆನಪಿರಲಿ. ಮೊದಲು ಅದನ್ನು ಅಂಗೈ ಮೇಲಿಟ್ಟು ಕಂಪನ ಎಷ್ಟೆಂದು ಇಬ್ಬರೂ ನೋಡಿ, ಅತಿ ಕಡಿಮೆ ವೇಗದಲ್ಲೇ ಪ್ರಾರಂಭಿಸಬೇಕು. ಬಳೆಯನ್ನು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಧರಿಸಬಾರದು, ಧರಿಸಿ ನಿದ್ದೆಹೋಗಲೇಬಾರದು. ಮರಗಟ್ಟಿದರೆ, ತಣ್ಣಗಾದರೆ, ಬಣ್ಣ ಬದಲಾದರೆ ಕೂಡಲೇ ತೆಗೆಯಬೇಕು.

ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಡಿಮೆಯಾದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಎದೆಯಲ್ಲಿ ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಮತ್ತು ಹೊಸ ಬಾಣಂತಿಯರು ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು. ಇನ್ನೊಂದು ಮಾತು: ಮಿಲನದಲ್ಲಿ ನೋವಿದ್ದರೆ ಮೊದಲು ಬೇಕಾದದ್ದು ವೈದ್ಯರು. ಮುಟ್ಟು ನಿಂತ ಮೇಲಿನ ಶುಷ್ಕತೆಗೆ, ಸೋಂಕಿಗೆ, ಸ್ನಾಯುಗಳ ಬಿಗಿತಕ್ಕೆ ಚಿಕಿತ್ಸೆಗಳಿವೆ. ಆ ನೋವನ್ನು ಹತ್ತು ವರ್ಷ ನುಂಗಿಕೊಂಡ ಹೆಂಗಸಿನ ಮುಂದೆ ಗಂಡ ಹೊಸ ಸಾಧನದ ಪೆಟ್ಟಿಗೆ ತೆರೆದಿಟ್ಟರೆ ಅದು ಪ್ರೀತಿಯಲ್ಲ, ಕ್ರೌರ್ಯ.

ನಮ್ಮ ಜಿಲ್ಲೆಯ ಬಗ್ಗೆಯೇ ವಿಶೇಷವಾಗಿ ಹೇಳಬೇಕಾದದ್ದು ಇನ್ನು ಮುಂದೆ. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಗಂಡ ಕೊಲ್ಲಿ ರಾಷ್ಟ್ರದಲ್ಲಿ, ಹೆಂಡತಿ ಊರಲ್ಲಿ. ಹೊಸ ಸಾಧನಗಳನ್ನು ಅಂತರ್ಜಾಲದ ಮೂಲಕ ದೂರದಿಂದಲೂ ನಡೆಸಬಹುದು. ಒಂದು ಮೊಬೈಲು ದುಬಾಯಿಯಲ್ಲಿ, ಸಾಧನ ಕುಂಬಳೆಯಲ್ಲಿ. ದೂರವಿರುವ ದಂಪತಿಗಳಿಗೆ ಇದರಲ್ಲಿ ಸಮಾಧಾನ ಸಿಕ್ಕಿದರೆ ಹಳಿಯಲು ನಾನು ಯಾರು? ಆದರೆ ಮೂರು ಎಚ್ಚರಗಳನ್ನು ಹೇಳಲೇಬೇಕು.

ಒಂದು, ಕೊಲ್ಲಿ ರಾಷ್ಟ್ರಗಳ ಕಾನೂನು ನಮ್ಮದಲ್ಲ. ಇಂಥ ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅಲ್ಲಿಗೆ ವಿಮಾನ ಹತ್ತುವುದು ಕೆಲಸವನ್ನೇ ಪಣಕ್ಕಿಟ್ಟಂತೆ. ಎರಡು, ಆ್ಯಪ್‌ಗೆ ಕಿವಿಯೂ ನೆನಪೂ ಇವೆ. ನಾನು ಮೇಲೆ ಹೆಸರಿಸಿದ ವಿ-ವೈಬ್‌ನ ಆ್ಯಪ್, ಯಾವ ವೇಗದಲ್ಲಿ ಬಳಕೆಯಾಯಿತು, ಸಾಧನದ ಉಷ್ಣತೆ ಎಷ್ಟು ಎಂಬುದನ್ನೆಲ್ಲ ಕಂಪನಿಗೆ ಕಳಿಸುತ್ತಿದ್ದುದು 2016ರಲ್ಲಿ ಬಯಲಾಯಿತು. ಅಮೆರಿಕದಲ್ಲಿ ಮೊಕದ್ದಮೆ ನಡೆದು 2017ರಲ್ಲಿ ಸುಮಾರು 37.5 ಲಕ್ಷ ಡಾಲರಿಗೆ ರಾಜಿಯಾಯಿತು. ಕೆನಡಾದ ಕಂಪನಿಯ ಗತಿ ಇದಾದರೆ, ಹೆಸರು ವಿಳಾಸ ಇಲ್ಲದ ಕಂಪನಿಯ ಆ್ಯಪ್‌ನ ಗತಿಯೇನು? ಆ್ಯಪ್ ಇಲ್ಲದೆಯೂ ನಡೆಯುವ ಸಾಧನವನ್ನೇ ಆರಿಸುವುದು ಕ್ಷೇಮ. ಬೇಕೇಬೇಕೆಂದಾದರೆ ನಿಜವಾದ ಹೆಸರು ಕೊಡಬೇಡಿ, ಫೋಟೋ ಮತ್ತು ಸಂಪರ್ಕ ಸಂಖ್ಯೆಗಳನ್ನು ನೋಡುವ ಅನುಮತಿ ಕೊಡಬೇಡಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ದೂರದಲ್ಲಿರುವವನ ಕೈಯಲ್ಲಿ ಗುಂಡಿ ಇದೆ. ಇಲ್ಲಿರುವವಳಿಗೆ ಇವತ್ತು ಮನಸ್ಸಿದೆಯೇ? ಮಗುವಿಗೆ ಜ್ವರ, ಮಾವನಿಗೆ ಕೆಮ್ಮು, ಅವಳಿಗೆ ಬೆನ್ನುನೋವು. ‘ಈವತ್ತು ಬೇಡ’ ಎನ್ನುವ ಧೈರ್ಯ ಅವಳಿಗಿದೆಯೇ? ಆ ಕರೆಯನ್ನು ಅವಳಿಗೆ ತಿಳಿಸದೆ ಚಿತ್ರೀಕರಿಸಿದರೆ ಅದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಂ ಗಂಡನೆಂದು ವಿನಾಯಿತಿ ಕೊಡುವುದಿಲ್ಲ.

ಬೇರೆಡೆ ಕಾನೂನು ಗಂಡನಿಗೆ ವಿನಾಯಿತಿ ಕೊಟ್ಟಿದೆ ಎಂಬುದನ್ನೂ ಮರೆಮಾಚಬಾರದು. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲವಂತದ ಸಂಭೋಗ ನ್ಯಾಯ ಸಂಹಿತೆಯ 63ನೇ ಕಲಮಿನ ಪ್ರಕಾರ ಇಂದಿಗೂ ಅತ್ಯಾಚಾರವಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯಿದೆ ಲೈಂಗಿಕ ಹಿಂಸೆಯನ್ನು ಒಳಗೊಂಡಿರುವುದು ಅಷ್ಟರಮಟ್ಟಿಗೆ ಆಸರೆ. ಕಾನೂನು ಹಿಂದುಳಿದ ಕಡೆ ನಮ್ಮ ನಡತೆ ಮುಂದೆ ಹೋಗಬೇಕು. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ನನ್ನಂಥವನಿಗೆ ಇದು ಇಬ್ಬರ ಸಹಿಯೂ ಬೇಕಾದ ಜಂಟಿ ಖಾತೆಯ ಹಾಗೆ ಕಾಣುತ್ತದೆ. ಕಳೆದ ತಿಂಗಳ ಚೆಕ್ಕಿಗೆ ಸಹಿ ಹಾಕಿದ್ದಾಳೆಂದು ಈ ತಿಂಗಳ ಚೆಕ್ಕು ಪಾಸಾಗುವುದಿಲ್ಲ. ಪ್ರತಿಸಲವೂ ಎರಡು ಸಹಿ ಬೇಕು. ಮದುವೆಯ ಧಾರೆ ಎಂಬುದು ಖಾಲಿ ಚೆಕ್ಕಿಗೆ ಹಾಕಿಕೊಟ್ಟ ಸಹಿಯಲ್ಲ.

ಕೊನೆಗೆ ಮಾತಿನ ವಿಷಯಕ್ಕೇ ಬರುತ್ತೇನೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷೆಗಾಗಿ ಹೋರಾಡುತ್ತ ಬಂದವರು. ಅರ್ಜಿಯ ನಮೂನೆ ಕನ್ನಡದಲ್ಲಿ ಬೇಕು, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಬೋರ್ಡಿನಲ್ಲಿ ಕನ್ನಡ ಬೇಕು. ಇವೆಲ್ಲ ನ್ಯಾಯವಾದ ಬೇಡಿಕೆಗಳು. ಆದರೆ ಕಚೇರಿಯಲ್ಲಿ ಕನ್ನಡ ಕೇಳುವ ನಾವು ಹಾಸಿಗೆಯ ಮೇಲೆ ಯಾವ ಭಾಷೆಯನ್ನೂ ಆಡುವುದಿಲ್ಲ. ಕನ್ನಡವೂ ಇಲ್ಲ, ಮಲೆಯಾಳವೂ ಇಲ್ಲ, ತುಳುವೂ ಇಲ್ಲ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಚೀಟಿಯೇ ನಮ್ಮ ಕೋಣೆಯ ಏಕೈಕ ಸಾಹಿತ್ಯ.

ದೊಡ್ಡ ಪಾರಿಭಾಷಿಕ ಪದಕೋಶವೇನೂ ಬೇಕಾಗಿಲ್ಲ. ಬೇಕು, ಬೇಡ, ಸಾಕು, ಇಲ್ಲಿ, ನಿಧಾನ. ಐದು ಮಾತುಗಳು. ನಾವು ಊಟದ ಪಂಕ್ತಿಯಲ್ಲಿ ದಿನವೂ ಆಡುವ ಮಾತುಗಳೇ ಇವು. ಬಡಿಸುವವರು ‘ಸಾಕು’ ಎಂದ ಕೂಡಲೇ ಸೌಟು ನಿಲ್ಲಿಸುತ್ತಾರೆ. ನಿಲ್ಲಿಸದವರನ್ನು ಒಳ್ಳೆಯ ಮನೆತನದವರೆಂದು ಯಾರೂ ಹೇಳುವುದಿಲ್ಲ. ಪಕ್ಕದ ಮನೆಯ ಮಲೆಯಾಳದಲ್ಲಿ ‘ಮತಿ’ ಎಂದರೂ ‘ವೇಂಡ’ ಎಂದರೂ ಅರ್ಥ ಅದೇ. ಎಲೆಯ ಮುಂದೆ ಕೂತ ನೆಂಟರಿಗೆ ನಾವು ಕೊಡುವ ಈ ಮರ್ಯಾದೆಯನ್ನು ಜೊತೆಗೆ ಬಾಳುವವರಿಗೆ ಕೊಡಲಾರೆವೇ?

ಆದ್ದರಿಂದ ನನ್ನ ಒತ್ತಾಯ ಸ್ಪಷ್ಟವಾಗಿದೆ. ನಮ್ಮ ಮಹಿಳಾ ಸಂಘಗಳು, ಕುಟುಂಬಶ್ರೀ ಘಟಕಗಳು ಸಾಬೂನಿನ ಲೆಕ್ಕ, ಸಾಲದ ಲೆಕ್ಕ ಮುಗಿದ ಮೇಲೆ ಒಬ್ಬ ವೈದ್ಯೆಯನ್ನು ಕರೆಸಿ ಈ ವಿಷಯವನ್ನೂ ಎರಡೂ ಭಾಷೆಗಳಲ್ಲಿ ಮಾತಾಡಲಿ. ಮದುವೆಗೆ ಮುಂಚೆ ಜಾತಕ ನೋಡುವ ಹಿರಿಯರು ಮದುಮಕ್ಕಳಿಗೆ ಒಂದು ಒಳ್ಳೆಯ ಪುಸ್ತಕವನ್ನೂ ಕೊಡಲಿ. ಕನ್ನಡದಲ್ಲಿ ಬರೆಯುವ ವೈದ್ಯರು ಈ ಸಾಧನಗಳ ಗುಣದೋಷಗಳನ್ನು ಮುಚ್ಚುಮರೆಯಿಲ್ಲದೆ ಬರೆಯಲಿ. ಮತ್ತು ಈ ಸಂಚಿಕೆ ಕೈಸೇರಿದ ರಾತ್ರಿ, ಪೆಟ್ಟಿಗೆ ತರಿಸುವ ಯೋಚನೆಯಲ್ಲಿರುವ ಗಂಡ ಮೊಬೈಲನ್ನು ಬದಿಗಿಟ್ಟು ಮೊದಲು ಹೆಂಡತಿಯನ್ನು ಕೇಳಲಿ. ಅವಳು ಬೇಡವೆಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಬೇಕೆಂದರೆ, ಯಾವುದೆಂದು ಆರಿಸುವವಳು ಅವಳೇ.